ಫೈಲು ಗಡಿ ದಾಟಿದ ಮೇಲೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರ, ಮೆಸೇಜು ಎಲ್ಲ ಮುಂದೆ ಹರಡಿಕೊಂಡು ನೋಡಿದ್ರೆ ಸುಮಾರು ಎಲ್ಲವೂ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ತಾವೆ. ಫೈಲು ಒಂದು ದೇಶದಲ್ಲಿದೆ, ಇಳಿಸಿಕೊಂಡೋರು ಇನ್ನೊಂದು ದೇಶದಲ್ಲಿದ್ದಾರೆ, ಕಂಪನಿ ಮೂರನೇ ದೇಶದ್ದು, ಜಗಳ ಬಂದಾಗ ಯಾರ ಕಾನೂನು ನಡೆಯುತ್ತೆ, ನಮ್ಮ ಹೆಸರು ವಿಳಾಸ ಯಾರ ಕೈಗೆ ಹೋಗುತ್ತೆ ಅಂತ. ಏಳು ಪತ್ರ ಆರಿಸಿದ್ದೀನಿ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿಕೊಂಡಿದ್ರು, ಅದಕ್ಕೆ ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ.

ಹಾಸನದಿಂದ: ಮೇಡಂ ನಮಸ್ಕಾರ. ಮಗ ಜರ್ಮನಿಗೆ ಎಂಎಸ್ ಓದೋಕೆ ಹೋಗಿ ಎಂಟು ತಿಂಗಳಾಯ್ತು. ಹೋದ ವಾರ ಅಲ್ಲಿನ ಯಾವುದೋ ವಕೀಲರ ಆಫೀಸಿಂದ ಕಾಗದ ಬಂದಿದೆ. ಒಂದು ಇಂಗ್ಲಿಷ್ ಸಿನಿಮಾನ ಇಂಟರ್ನೆಟ್ಟಲ್ಲಿ ಹಂಚಿದ್ದೀಯ, ಒಂಬೈನೂರು ಚಿಲ್ಲರೆ ಯೂರೋ ಕಟ್ಟು, ಜೊತೆಗಿರೋ ಪೇಪರಿಗೆ ಸೈನ್ ಹಾಕಿ ಹತ್ತು ದಿನದಲ್ಲಿ ಕಳಿಸು ಅಂತ. ಅವನು ಡೌನ್‌ಲೋಡೇ ಮಾಡಿಲ್ವಂತೆ, ಫ್ರೆಂಡ್ ಹೇಳಿದ ಆಪಲ್ಲಿ ಬರೀ ನೋಡಿದ್ದಂತೆ. ಇದು ಮೋಸದ ಕಾಗದನಾ? ಅವರಿಗೆ ಇವನ ವಿಳಾಸ ಸಿಕ್ಕಿದ್ದು ಹೇಗೆ? ನಮಗಂತೂ ರಾತ್ರಿ ನಿದ್ದೆ ಇಲ್ಲ.

ಅಮ್ಮ, ಮೊದಲು ಸಮಾಧಾನ ಮಾಡ್ಕೊಳ್ಳಿ, ಇದು ಪೊಲೀಸ್ ಕೇಸಲ್ಲ, ಮಗನ್ನ ಯಾರೂ ಹಿಡ್ಕೊಂಡು ಹೋಗಲ್ಲ. ಜರ್ಮನಿಯಲ್ಲಿ ಇದಕ್ಕೆ ಆಬ್‌ಮಾನುಂಗ್ ಅಂತಾರೆ, ಕೋರ್ಟಿಗೆ ಹೋಗೋಕೆ ಮುಂಚೆ ವಕೀಲರು ಕಳಿಸೋ ಎಚ್ಚರಿಕೆ ನೋಟೀಸು. ಇಲ್ಲಿಂದ ಹೋದ ಹುಡುಗರಿಗೆ ಮೊದಲ ವರ್ಷದಲ್ಲೇ ಇಂಥ ಕಾಗದ ಬರೋದು ಹೊಸದೇನಲ್ಲ, ಯಾಕಂದ್ರೆ ಇಲ್ಲಿ ಇದ್ದಾಗ ಯಾರೂ ಕೇಳದೇ ಇದ್ದ ಅಭ್ಯಾಸ ಸೂಟ್‌ಕೇಸಿನ ಜೊತೆ ಅಲ್ಲಿಗೂ ಹೋಗಿರುತ್ತೆ. ಹಾಗಂತ ನಕಲಿ ನೋಟೀಸು ಕಳಿಸೋರೂ ಇದ್ದಾರೆ, ಅದಕ್ಕೆ ವಕೀಲರ ಆಫೀಸು ನಿಜವಾಗಿ ಇದೆಯಾ, ಬ್ಯಾಂಕ್ ಅಕೌಂಟು ಯಾವ ದೇಶದ್ದು ಅಂತ ನೋಡ್ಕೊಳ್ಳೋಕೆ ಹೇಳಿ.

ಬರೀ ನೋಡಿದ್ದು ಅಂತ ಮಗ ಹೇಳ್ತಿರೋದು ಸುಳ್ಳಲ್ಲ, ಅವನು ಹಾಗೇ ಅಂದ್ಕೊಂಡಿದ್ದಾನೆ. ನಿಮ್ಮ ಕಡೆ ಮುಯ್ಯಾಳು ಅಂತ ಇತ್ತಲ್ಲ, ಇವತ್ತು ನಿಮ್ಮ ಗದ್ದೆ ನಾಟಿಗೆ ನಾನು ಬರ್ತೀನಿ, ನಾಳೆ ನನ್ನ ಗದ್ದೆಗೆ ನೀವು ಬನ್ನಿ ಅಂತ, ಟೊರೆಂಟ್ ಅನ್ನೋ ಫೈಲ್ ಹಂಚೋ ವಿಧಾನನೂ ಅದೇ ಲೆಕ್ಕ. 2001ರಲ್ಲಿ ಬ್ರಾಮ್ ಕೋಹೆನ್ ಅನ್ನೋರು ಬಿಟ್‌ಟೊರೆಂಟ್ ಮಾಡಿದಾಗ ಇದ್ದ ಯೋಚನೆಯೇ ಇದು, ಒಂದೇ ಸರ್ವರ್ ಮೇಲೆ ಎಲ್ಲ ಭಾರ ಹಾಕೋ ಬದಲು ಇಳಿಸಿಕೊಳ್ಳೋರೆಲ್ಲ ತಮಗೆ ಸಿಕ್ಕ ತುಂಡನ್ನ ಪಕ್ಕದವರಿಗೂ ಕೊಡ್ತಾ ಹೋಗೋದು. ಹಾಗಾಗಿ ಟೊರೆಂಟಲ್ಲಿ ತಗೊಳ್ಳೋನು ಅದೇ ಹೊತ್ತಲ್ಲಿ ಕೊಡೋನೂ ಆಗಿರ್ತಾನೆ. 2014ರಲ್ಲಿ ಬಂದ ಪಾಪ್‌ಕಾರ್ನ್ ಟೈಮ್ ತರದ ಆಪ್‌ಗಳು ಹೊರಗಿಂದ ನೋಡೋಕೆ ಮಾಮೂಲಿ ವಿಡಿಯೋ ಆಪ್ ಇದ್ದಂಗೆ ಇರ್ತಾವೆ, ಪ್ಲೇ ಒತ್ತಿದ್ರೆ ಸಿನಿಮಾ ಶುರುವಾಗುತ್ತೆ, ಆದ್ರೆ ಒಳಗೆ ಓಡ್ತಿರೋದು ಟೊರೆಂಟೇ. ಅವನು ಕೂತು ನೋಡ್ತಿದ್ದಾಗ ಅವನ ಲ್ಯಾಪ್‌ಟಾಪು ಗೊತ್ತಿಲ್ಲದವರಿಗೆಲ್ಲ ಸಿನಿಮಾದ ತುಂಡು ಕಳಿಸ್ತಾ ಇತ್ತು, ಕಾಗದದಲ್ಲಿ "ಹಂಚಿದ್ದೀಯ" ಅಂತ ಬರೆದಿರೋದು ಅದಕ್ಕೇ.

ಇನ್ನು ವಿಳಾಸದ ವಿಷಯ. ಮುಯ್ಯಾಳಲ್ಲಿ ಗದ್ದೆಗೆ ಇಳಿದವರ ಮುಖ ಎಲ್ಲರಿಗೂ ಕಾಣುತ್ತಲ್ಲ ಹಾಗೆ ಟೊರೆಂಟಲ್ಲೂ ಸೇರಿರೋ ಪ್ರತಿಯೊಬ್ಬರ ಐಪಿ ನಂಬರು, ಅಂದ್ರೆ ಅವರ ಇಂಟರ್ನೆಟ್ ಕನೆಕ್ಷನ್ನಿನ ಗುರುತಿನ ನಂಬರು, ಉಳಿದವರಿಗೆಲ್ಲ ಕಾಣುತ್ತೆ. ಸಿನಿಮಾ ಹಕ್ಕು ಇರೋರ ಪರವಾಗಿ ಕೆಲಸ ಮಾಡೋ ಕಂಪನಿಗಳು ತಾವೂ ಆ ಗುಂಪಿಗೆ ಸೇರಿಕೊಂಡು ಯಾವ ನಂಬರು, ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷ ಅಂತ ಬರ್ಕೊಳ್ತಾರೆ. ಆ ನಂಬರಿನಿಂದ ಹೆಸರು ಗೊತ್ತಾಗಲ್ಲ, ಹೆಸರು ಇರೋದು ಇಂಟರ್ನೆಟ್ ಕನೆಕ್ಷನ್ ಕೊಟ್ಟ ಕಂಪನಿ ಹತ್ರ. ಅಲ್ಲಿನ ಕಾಪಿರೈಟ್ ಕಾಯ್ದೆಯ 101ನೇ ಕಲಮಿನ ಪ್ರಕಾರ ಕೋರ್ಟಿಗೆ ಅರ್ಜಿ ಹಾಕಿ ಜಡ್ಜ್ ಅನುಮತಿ ತಗೊಂಡ ಮೇಲೆನೇ ಕಂಪನಿ ಹೆಸರು ಕೊಡಬೇಕು. ಅಂದ್ರೆ ನಿಮ್ಮ ಮಗನ ಹೆಸರು ವಕೀಲರಿಗೆ ಸಿಗೋ ಮುಂಚೆ ಒಬ್ಬ ಜಡ್ಜ್ ಕಣ್ಣ ಕೆಳಗೆ ಹಾದು ಹೋಗಿದೆ. ಇದು ಮುಖ್ಯ, ಕೆಳಗಿನ ಪತ್ರಗಳಲ್ಲೂ ಇದೇ ಬಾಗಿಲ ಹತ್ರ ಮತ್ತೆ ಮತ್ತೆ ಬರ್ತೀವಿ.

ಈಗ ಏನು ಮಾಡಬೇಕು. ಆ ಸೈನ್ ಹಾಕೋ ಪೇಪರು ಒಂಥರ ಮುಚ್ಚಳಿಕೆ, ಇನ್ನು ಮುಂದೆ ಹೀಗೆ ಮಾಡಲ್ಲ, ಮಾಡಿದ್ರೆ ದಂಡ ಕಟ್ತೀನಿ ಅಂತ. ಒಂದ್ಸಲ ಸೈನ್ ಹಾಕಿದ್ರೆ ದಶಕಗಳ ಕಾಲ ಕಟ್ಟಿಹಾಕುತ್ತೆ, ಅವರೇ ಬರೆದು ಕಳಿಸಿದ ಒಕ್ಕಣೆಯಲ್ಲಿ ತಪ್ಪು ಒಪ್ಪಿಕೊಂಡ ಹಾಗೂ ದುಡ್ಡು ಕೊಡೋಕೆ ಒಪ್ಪಿದ ಹಾಗೂ ಮಾತು ಸೇರಿರಬಹುದು. ಅದಕ್ಕೆ ಇದ್ದ ಹಾಗೇ ಸೈನ್ ಹಾಕೋದು ಬೇಡ, ಕಸದ ಬುಟ್ಟಿಗೆ ಹಾಕೋದೂ ಬೇಡ, ಸುಮ್ಮನಿದ್ರೆ ಕೋರ್ಟಿಂದ ತಡೆಯಾಜ್ಞೆ ತಂದು ಅದರ ಖರ್ಚನ್ನೂ ಇವನ ತಲೆಗೇ ಕಟ್ತಾರೆ. ತಿದ್ದಿದ ಮುಚ್ಚಳಿಕೆ ಕೊಡೋ ದಾರಿ ಇದೆ, ಅದನ್ನ ಅಲ್ಲಿನ ವಕೀಲರ ಕೈಲೇ ಬರೆಸಬೇಕು. ಯೂನಿವರ್ಸಿಟಿಯ ವಿದ್ಯಾರ್ಥಿ ಸಂಘ, ಆಸ್ಟಾ ಅಂತಾರೆ, ಎಷ್ಟೋ ಕಡೆ ಅಲ್ಲಿ ಕಾನೂನು ಸಲಹೆ ಬಿಟ್ಟಿ ಸಿಗುತ್ತೆ, ಅದಲ್ಲದೆ ಪ್ರತಿ ರಾಜ್ಯದಲ್ಲೂ ಗ್ರಾಹಕ ಸಲಹಾ ಕೇಂದ್ರ ಇದೆ. ನಾಳೆನೇ ಹೋಗೋಕೆ ಹೇಳಿ, ಹತ್ತು ದಿನ ಅನ್ನೋದು ಬೇಗ ಮುಗಿಯುತ್ತೆ. 2013ರಲ್ಲಿ ಜರ್ಮನಿ ಕಾನೂನು ತಿದ್ದಿ ಮೊದಲ ಸಲ ಸಿಕ್ಕಿಬಿದ್ದ ಸಾಮಾನ್ಯ ಜನರಿಗೆ ವಕೀಲರ ಫೀಸು ಲೆಕ್ಕ ಹಾಕೋ ಮೊತ್ತವನ್ನ 1000 ಯೂರೋಗೆ ಮಿತಿ ಮಾಡಿದೆ, ಅದರ ಪ್ರಕಾರ ಫೀಸು ನೂರೈವತ್ತು ನೂರೆಪ್ಪತ್ತರ ಆಸುಪಾಸು ಬರುತ್ತೆ, ಉಳಿದದ್ದು ಸಿನಿಮಾದ ನಷ್ಟ ಪರಿಹಾರ ಅಂತ ಕೇಳೋದು, ಅದರಲ್ಲಿ ಮಾತುಕತೆಗೆ ಜಾಗ ಇರುತ್ತೆ.

ಇನ್ನೊಂದು ಮಾತು ಕೇಳಿ. ಕನೆಕ್ಷನ್ ಅವನ ಹೆಸರಲ್ಲಿದ್ದು ನಾಲ್ಕು ಜನ ಒಂದೇ ವೈಫೈ ಬಳಸೋ ರೂಮಾಗಿದ್ರೆ ವಕೀಲರಿಗೆ ಅದನ್ನ ಮರೀದೇ ಹೇಳಲಿ. ವಯಸ್ಕ ರೂಮ್‌ಮೇಟು, ನೆಂಟರು ಇವರಿಗೆಲ್ಲ ಹೀಗೆ ಮಾಡಬೇಡಿ ಅಂತ ಕಾರಣ ಇಲ್ಲದೆ ಮೊದಲೇ ಎಚ್ಚರಿಸೋ ಜವಾಬ್ದಾರಿ ಕನೆಕ್ಷನ್ ಇರೋನಿಗೆ ಇಲ್ಲ ಅಂತ ಜರ್ಮನಿಯ ಮೇಲಿನ ಕೋರ್ಟು 2016ರಲ್ಲಿ ಹೇಳಿದೆ. ಅದೇ ಕೋರ್ಟು 2017ರಲ್ಲಿ ಇನ್ನೊಂದು ಕೇಸಲ್ಲಿ, ಮೂರು ದೊಡ್ಡ ಮಕ್ಕಳಲ್ಲಿ ಯಾರು ಮಾಡಿದ್ದು ಅಂತ ಗೊತ್ತಿದ್ದೂ ಹೆಸರು ಹೇಳಲ್ಲ ಅಂದ ಅಪ್ಪ ಅಮ್ಮನೇ ಸುಮಾರು ಮೂರೂವರೆ ಸಾವಿರ ಯೂರೋ ಕಟ್ಟಬೇಕು ಅಂದಿತು, 2019ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯನೂ ಅದನ್ನೇ ಎತ್ತಿಹಿಡೀತು. ಒಂದು ಹಾಡಿನ ಆಲ್ಬಮ್ಮಿಗೋಸ್ಕರ ಹೆತ್ತವರ ಬಾಯಿಂದ ಮಕ್ಕಳ ಹೆಸರು ಹೊರಡಿಸೋದು ನನ್ನ ಮನಸ್ಸಿಗೆ ಒಗ್ಗಲ್ಲ, ಆದ್ರೆ ಅಲ್ಲಿನ ಕಾನೂನು ಹಾಗಿದೆ, ನಿಮ್ಮ ಮಗ ಅಲ್ಲಿದ್ದಾನೆ. ಆ ಆಪು ಇವತ್ತೇ ತೆಗೆದು ಹಾಕಲಿ. ನಡೆದದ್ದು ತಿಳಿಯದೆ ಆಗಿದ್ದು, ಅವನನ್ನ ಬೈಬೇಡಿ.

ಟೊರಾಂಟೊದಿಂದ: ನಮಗೂ ಇಂಟರ್ನೆಟ್ ಕಂಪನಿಯಿಂದ ಇಮೇಲ್ ಬಂದಿದೆ, ನಿಮ್ಮ ಐಪಿಯಿಂದ ಒಂದು ಸೀರಿಯಲ್ ಡೌನ್‌ಲೋಡ್ ಆಗಿದೆ ಅಂತ ಹಕ್ಕುದಾರರು ದೂರು ಕೊಟ್ಟಿದ್ದಾರೆ ಅಂತ. ದುಡ್ಡು ಏನೂ ಕೇಳಿಲ್ಲ. ನನ್ನ ಹೆಸರು ಅವರಿಗೆ ಗೊತ್ತಾಗಿದೆಯಾ?

ಇಲ್ಲ, ಗೊತ್ತಾಗಿಲ್ಲ. ಕೆನಡಾದಲ್ಲಿ 2015ರ ಜನವರಿಯಿಂದ ಇರೋ ಪದ್ಧತಿ ಏನಂದ್ರೆ ಹಕ್ಕುದಾರರು ಕಂಪನಿಗೆ ನೋಟೀಸ್ ಕಳಿಸ್ತಾರೆ, ಕಂಪನಿ ಅದನ್ನ ನಿಮಗೆ ದಾಟಿಸುತ್ತೆ ಅಷ್ಟೇ, ನಿಮ್ಮ ಹೆಸರು ಆ ಕಡೆಗೆ ಹೋಗಲ್ಲ. ಕಂಪನಿ ಆ ದಾಖಲೆನ ಆರು ತಿಂಗಳು ಇಟ್ಕೋಬೇಕು, ಅಷ್ಟರಲ್ಲಿ ಹಕ್ಕುದಾರರು ಕೋರ್ಟಿಗೆ ಹೋದ್ರೆ ಮಾತ್ರ ಮುಂದಿನ ಕಥೆ. ಮೊದಮೊದಲು ಈ ನೋಟೀಸಲ್ಲೇ ಇಷ್ಟು ಡಾಲರ್ ಕಟ್ಟಿ ಅಂತ ಹೆದರಿಸೋರು, 2018ರ ಡಿಸೆಂಬರಿಂದ ಹಾಗೆ ದುಡ್ಡು ಕೇಳೋ ನೋಟೀಸಿಗೆ ಬೆಲೆ ಇಲ್ಲ. ವ್ಯಾಪಾರಕ್ಕಲ್ಲದ ಬಳಕೆ ಆದ್ರೆ ಕೋರ್ಟು ಹಾಕಬಹುದಾದ ನಿಗದಿತ ಪರಿಹಾರ 100ರಿಂದ 5000 ಕೆನಡಾ ಡಾಲರ್ ಒಳಗೆ.

ಗಡಿ ದಾಟಿ ಅಮೆರಿಕಾಗೆ ಬಂದ್ರೆ ಇದೇ ಕೆಲಸಕ್ಕೆ ಒಂದು ಕೃತಿಗೆ 750 ಡಾಲರಿಂದ ಶುರು, ಬೇಕಂತ ಮಾಡಿದ್ದು ಅಂತ ಸಾಬೀತಾದ್ರೆ ಒಂದೂವರೆ ಲಕ್ಷ ಡಾಲರ್ ತನಕ. ಮಿನೆಸೋಟಾದ ಒಬ್ಬ ತಾಯಿಗೆ 24 ಹಾಡು ಹಂಚಿದ್ದಕ್ಕೆ ಒಂದು ಜ್ಯೂರಿ 2 ಲಕ್ಷ 22 ಸಾವಿರ ಡಾಲರ್ ಅಂದ್ರು, ಮರುವಿಚಾರಣೆಯಲ್ಲಿ ಇನ್ನೊಂದು ಜ್ಯೂರಿ 19 ಲಕ್ಷ 20 ಸಾವಿರ ಅಂದ್ರು, ಕೊನೆಗೆ 2012ರಲ್ಲಿ ಅಪೀಲು ಕೋರ್ಟು ಮೊದಲಿನ 2 ಲಕ್ಷ 22 ಸಾವಿರಕ್ಕೇ ತಂದು ನಿಲ್ಲಿಸ್ತು. 24 ಹಾಡು! ಯಾವ ಲೆಕ್ಕದಲ್ಲೂ ಇದನ್ನ ನ್ಯಾಯ ಅನ್ನೋಕೆ ನನಗೆ ಆಗಲ್ಲ.

ಯುರೋಪಲ್ಲಿ ಒಂದೇ ಒಕ್ಕೂಟ ಇದ್ದೂ ದೇಶಕ್ಕೊಂದು ರೀತಿ ಯಾಕೆ ಅಂತ ಎಷ್ಟೋ ಜನ ಕೇಳ್ತಾರೆ. 2008ರಲ್ಲಿ ಸ್ಪೇನಿನ ಸಂಗೀತ ನಿರ್ಮಾಪಕರ ಸಂಘಕ್ಕೆ ಅಲ್ಲಿ ಇಂಟರ್ನೆಟ್ ಕೊಡೋ ಟೆಲಿಫೋನಿಕಾ ಕಂಪನಿ ಹಾಡು ಹಂಚಿದ ಗ್ರಾಹಕರ ಹೆಸರು ಕೊಡಲ್ಲ ಅಂದಾಗ ಯುರೋಪ್ ಒಕ್ಕೂಟದ ನ್ಯಾಯಾಲಯ ಏನು ಹೇಳ್ತು ಅಂದ್ರೆ, ಸಿವಿಲ್ ಕೇಸಿಗೆ ಹೆಸರು ಕೊಡಲೇಬೇಕು ಅಂತ ನಮ್ಮ ಕಾನೂನು ಒತ್ತಾಯ ಮಾಡಲ್ಲ, ಕೃತಿಯ ಹಕ್ಕು ಮತ್ತೆ ಗೋಪ್ಯತೆಯ ಹಕ್ಕು ಎರಡನ್ನೂ ತೂಗಿ ಆಯಾ ದೇಶ ತೀರ್ಮಾನ ಮಾಡಲಿ ಅಂತ. ಹಾಗಾಗಿ ಆಯಾ ದೇಶದ ತಕ್ಕಡಿ ಬೇರೆ ಬೇರೆ. ಒಕ್ಕೂಟದ ಹೊರಗಿರೋ ಸ್ವಿಟ್ಜರ್ಲೆಂಡಲ್ಲಿ 2010ರಲ್ಲಿ ಮೇಲಿನ ಕೋರ್ಟು ಈ ಐಪಿ ನಂಬರು ಗುಟ್ಟಾಗಿ ಒಟ್ಟುಮಾಡೋದೇ ತಪ್ಪು ಅಂದುಬಿಡ್ತು, ಹತ್ತು ವರ್ಷ ಆದ ಮೇಲೆ ಕ್ರಿಮಿನಲ್ ದೂರು ಕೊಡೋಕೆ ಮಾತ್ರ ಆಗಬಹುದು ಅಂತ ಕಾನೂನು ತಿದ್ದಿದ್ರು.

ನೀವು ಈಗ ಆ ಇಮೇಲಿಗೆ ಉತ್ತರ ಬರೀಬೇಡಿ, ಬರೆದ್ರೆ ನೀವೇ ನಿಮ್ಮ ಹೆಸರು ಕೊಟ್ಟ ಹಾಗಾಗುತ್ತೆ. ಡೌನ್‌ಲೋಡ್ ನಿಲ್ಲಿಸಿ, ಸಾಕು.

ಧಾರವಾಡದಿಂದ: ನಮಸ್ಕಾರ್ರಿ ಮೇಡಂ. ನಾವು ಸಣ್ಣ ಪ್ರಕಾಶಕರು ಅದೀವಿ. ಪುಸ್ತಕ ಬಿಡುಗಡೆ ಆಗಿ ಎರಡು ವಾರ ಆಗಿದ್ದಿಲ್ಲ, ಟೆಲಿಗ್ರಾಮಿನ್ಯಾಗ ಪಿಡಿಎಫ್ ಬಂತ್ರಿ. ಒಂದ ಗ್ರೂಪ್ ಬಂದ್ ಮಾಡಿಸಿದ್ರ ಮೂರು ಹುಟ್ತಾವ. ನಡೆಸಾವ್ರ ಹೆಸರಿಲ್ಲ, ನಂಬರಿಲ್ಲ. ಕಂಪನಿ ಫಾರಿನ್ದು, ಅಲ್ಲಿ ಹೋಗಿ ಕೇಸ್ ಹಾಕಾಕ ನಮ್ಮ ಕೈಲೆ ಆಗೂದಿಲ್ಲ. ಏನ್ ಮಾಡ್ಬೇಕ್ರಿ?

ಫಾರಿನ್‌ಗೆ ಹೋಗೋದು ಬೇಡ ಸರ್, ನಿಮ್ಮ ಕಷ್ಟಕ್ಕೆ ಹೋಲೋ ಕೇಸು ದಿಲ್ಲಿ ಹೈಕೋರ್ಟಲ್ಲಿ ಆಗಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಪಾಠ ಮಾಡೋ ಒಬ್ಬ ಶಿಕ್ಷಕಿಯ ಪುಸ್ತಕ, ವಿಡಿಯೋ ಎಲ್ಲ ಟೆಲಿಗ್ರಾಮ್ ಚಾನೆಲ್‌ಗಳಲ್ಲಿ ಹರಿದಾಡ್ತಿದ್ವು. 2020ರಲ್ಲಿ ಕೋರ್ಟು ಚಾನೆಲ್ ತೆಗೀರಿ ಅಂತು, ತೆಗೆದ್ರು, ನಿಮಗಾದ ಹಾಗೇ ಹೊಸವು ಹುಟ್ಟಿದ್ವು. ಆಮೇಲೆ ಆಕೆ ಚಾನೆಲ್ ನಡೆಸೋರು ಯಾರು ಅಂತ ಹೇಳಿಸಿ ಅಂತ ಕೇಳಿದ್ರು. ಟೆಲಿಗ್ರಾಮಿನವರ ವಾದ ಏನಂದ್ರೆ ನಮ್ಮ ಸರ್ವರ್ ಸಿಂಗಪುರದಲ್ಲಿದೆ, ಅಲ್ಲಿನ ಡೇಟಾ ರಕ್ಷಣಾ ಕಾಯ್ದೆ ಪ್ರಕಾರ ಬಳಕೆದಾರರ ವಿವರ ಕೊಡೋ ಹಾಗಿಲ್ಲ, ಗೋಪ್ಯತೆ ನಿಮ್ಮ ದೇಶದಲ್ಲೂ ಮೂಲಭೂತ ಹಕ್ಕು ಅಂತ. 2022ರ ಆಗಸ್ಟ್ 30ರಂದು ಕೋರ್ಟು ಅದನ್ನ ಒಪ್ಪಲಿಲ್ಲ. ನಷ್ಟ ಆಗಿರೋದು ಇಲ್ಲಿ, ಓದ್ತಿರೋರು ಇಲ್ಲಿ, ಸರ್ವರ್ ಬೇರೆ ಕಡೆ ಇಟ್ಟ ಮಾತ್ರಕ್ಕೆ ಇಲ್ಲಿನ ಕೋರ್ಟಿಂದ ತಪ್ಪಿಸಿಕೊಳ್ಳೋಕಾಗಲ್ಲ, ಸಿಂಗಪುರದ ಕಾಯ್ದೆಯಲ್ಲೇ ಕೋರ್ಟು ಕಲಾಪಕ್ಕೆ ವಿನಾಯಿತಿ ಇದೆಯಲ್ಲ ಅಂತ ಹೇಳಿ ಚಾನೆಲ್ ನಡೆಸೋರ ಫೋನ್ ನಂಬರು, ಐಪಿ, ಇಮೇಲು ಇವನ್ನ ಮುಚ್ಚಿದ ಲಕೋಟೆಯಲ್ಲಿ ಕೊಡಿ ಅಂತು. ನವೆಂಬರ್ ಹೊತ್ತಿಗೆ ಟೆಲಿಗ್ರಾಮ್ ಕೊಟ್ಟಿತು. ಆ ವಿವರನ ಕೇಸಿನ ಕೆಲಸ ಬಿಟ್ಟು ಬೇರೆ ಕಡೆ ಬಳಸಬಾರದು, ಬಹಿರಂಗ ಮಾಡಬಾರದು ಅಂತ ಶಿಕ್ಷಕಿಗೂ ಕಟ್ಟು ಹಾಕಿತ್ತು ಕೋರ್ಟು.

ಈ ತೀರ್ಪನ್ನ ಹೊಗಳೋರೂ ಇದ್ದಾರೆ, ಹೆದರೋರೂ ಇದ್ದಾರೆ. ನನಗೆ ಇದು ಸರಿ ಅನಿಸಿದ್ದು ಮೂರು ಕಾರಣಕ್ಕೆ, ಕೇಳಿದ್ದು ಇಂಥಿಂಥ ಚಾನೆಲ್ ಅಂತ ಪಟ್ಟಿ ಮಾಡಿ, ಕೇಳಿದ್ದು ಜಡ್ಜ್ ಮುಂದೆ, ಕೊಟ್ಟಿದ್ದು ಮುಚ್ಚಿದ ಲಕೋಟೆಯಲ್ಲಿ. ನಾಳೆ ಯಾರಾದ್ರೂ ಬಂದು ಆ ಚಾನೆಲ್ಲಲ್ಲಿ ಸುಮ್ಮನೆ ಸೇರಿಕೊಂಡಿದ್ದ ಸಾವಿರಾರು ಹುಡುಗರ ನಂಬರು ಕೊಡಿ ಅಂದ್ರೆ ನಾನು ಆ ಹುಡುಗರ ಕಡೆ ನಿಲ್ತೀನಿ. ಗೋಪ್ಯತೆ ಮೂಲಭೂತ ಹಕ್ಕು ಅಂತ ನಮ್ಮ ದೇಶದಲ್ಲಿ ಹೇಳಿಸಿದ್ದು ಯಾರು ಅಂತ ಮರೀಬಾರದು, ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿಷಯಕ್ಕೆ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು, 2017ರ ಆಗಸ್ಟ್ 24ರಂದು ಒಂಬತ್ತು ಜನ ಜಡ್ಜ್‌ಗಳು ಒಂದೇ ದನಿಯಲ್ಲಿ ಹೌದು ಅಂದ್ರು. ಅದು ಬಂದಿರೋದು ಸರ್ಕಾರದ ಮುಂದೆ ಮಾತ್ರ ಹಿಡಿಯೋಕಲ್ಲ, ಇಂಥ ಜಗಳಗಳಲ್ಲೂ ತೂಕಕ್ಕೆ ಹಾಕೋಕೆ. 2023ರ ಹೊಸ ಡೇಟಾ ರಕ್ಷಣಾ ಕಾಯ್ದೆಯಲ್ಲಿ ಕಾನೂನಿನ ಹಕ್ಕು ಜಾರಿ ಮಾಡಿಸಿಕೊಳ್ಳೋಕೆ ಬೇಕಾದ್ರೆ ವಿವರ ಬಳಸಬಹುದು ಅಂತ ವಿನಾಯಿತಿ ಇದೆ. ಇದನ್ನ ಎಳೆದು ಅಗಲ ಮಾಡಿದ್ರೆ ಜಡ್ಜ್ ಇಲ್ಲದೇನೇ ಹೆಸರು ಕೈ ಬದಲಾಯಿಸೋ ಕಾಲ ಬರಬಹುದು ಅನ್ನೋದು ನನ್ನ ಭಯ.

ನಿಮ್ಮ ಕೆಲಸಕ್ಕೆ ಬರ್ತೀನಿ ಸರ್. ಕೋರ್ಟಿಗೆ ಮುಂಚೆ ಎರಡು ಮೆಟ್ಟಿಲಿವೆ. 2021ರ ಐಟಿ ನಿಯಮ ಪ್ರಕಾರ ಇಂಥ ಕಂಪನಿ ದೂರು ಅಧಿಕಾರಿಯ ಹೆಸರು, ವಿಳಾಸ ಪ್ರಕಟ ಮಾಡಿರಬೇಕು, ದೂರು ಬಂತು ಅಂತ 24 ಗಂಟೆಯಲ್ಲಿ ಹೇಳಬೇಕು, ನಿಯಮದಲ್ಲಿ ಗೊತ್ತು ಮಾಡಿದ ಗಡುವಿನೊಳಗೆ ಮುಗಿಸಬೇಕು. ಅದಲ್ಲದೆ 2013ರ ಕಾಪಿರೈಟ್ ನಿಯಮ 75ರಲ್ಲಿ ಲಿಖಿತ ನೋಟೀಸ್ ಕೊಟ್ರೆ 36 ಗಂಟೆಯಲ್ಲಿ ಲಿಂಕ್ ತಡೀಬೇಕು ಅಂತ ಇದೆ, ಆದ್ರೆ 21 ದಿನದೊಳಗೆ ನೀವು ಕೋರ್ಟ್ ಆರ್ಡರ್ ತರದಿದ್ರೆ ಅವರು ಮತ್ತೆ ತೆರೀಬಹುದು. ನೋಟೀಸಲ್ಲಿ ಪುಸ್ತಕದ ಹೆಸರು, ಐಎಸ್‌ಬಿಎನ್, ಲೇಖಕರ ಜೊತೆ ಆದ ಒಪ್ಪಂದದ ಪ್ರತಿ, ಗ್ರೂಪಿನ ಹೆಸರು ಮಾತ್ರ ಬರೆದ್ರೆ ಸಾಲದು, ಆ ಫೈಲಿರೋ ಮೆಸೇಜಿನ ಪೂರ್ತಿ ಲಿಂಕು, ದಿನಾಂಕ ಕಾಣೋ ಸ್ಕ್ರೀನ್‌ಶಾಟು ಇವೆಲ್ಲ ಇರಲಿ. ಒಬ್ಬರೇ ಹೋಗಬೇಡಿ, ನಾಲ್ಕೈದು ಪ್ರಕಾಶಕರು ಸೇರಿದ್ರೆ ವಕೀಲರ ಖರ್ಚು ಹಂಚಿಹೋಗುತ್ತೆ. ಸಾವಿರ ಪ್ರತಿ ಅಚ್ಚು ಹಾಕಿ ಅದು ಖರ್ಚಾಗೋಕೆ ವರ್ಷಗಟ್ಟಲೆ ಕಾಯೋ ಭಾಷೆ ನಮ್ಮದು, ಪಿಡಿಎಫ್ ಹಾಕಿದವರು ಓದುಗರಿಗೆ ಉಪಕಾರ ಮಾಡ್ತಿದ್ದೀವಿ ಅಂದ್ಕೊಂಡಿರ್ತಾರೆ, ಆ ಲೇಖಕರ ಮುಂದಿನ ಪುಸ್ತಕ ಅಚ್ಚಾಗದೇ ಹೋಗೋದು ಅವರಿಗೆ ಕಾಣಲ್ಲ.

ಶಿವಮೊಗ್ಗದಿಂದ: ಬ್ಲಾಕ್ ಆಗಿರೋ ಸೈಟ್ ತೆರೆದ್ರೆ ಸಾಕು 3 ವರ್ಷ ಜೈಲು, 3 ಲಕ್ಷ ದಂಡ ಅಂತ ಕಾಲೇಜಲ್ಲಿ ಹೇಳ್ತಾರೆ. ನಿಜನಾ ಮೇಡಂ?

ತೆರೆದ್ರೆ ಜೈಲು ಅನ್ನೋದು ನಿಜ ಅಲ್ಲ ತಮ್ಮ. ಈ ಮಾತು ಹುಟ್ಟಿದ್ದು 2016ರ ಆಗಸ್ಟಲ್ಲಿ, ಬ್ಲಾಕ್ ಆದ ಸೈಟಿಗೆ ಹೋದ್ರೆ ನೋಡೋದು, ಡೌನ್‌ಲೋಡ್ ಮಾಡೋದು ಎಲ್ಲ ಶಿಕ್ಷಾರ್ಹ ಅಂತ ಒಂದು ಸೂಚನೆ ಬರ್ತಿತ್ತು. ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್ ಅದೇ ತಿಂಗಳು ನೋಡೋದು ಅಪರಾಧ ಅಲ್ಲ, ಹಕ್ಕುದಾರರಿಗೆ ನಷ್ಟ ಆಗೋ ಹಾಗೆ ಹಂಚೋದು, ಸಾರ್ವಜನಿಕವಾಗಿ ತೋರಿಸೋದು, ಮಾರೋದು ಬಾಡಿಗೆಗೆ ಕೊಡೋದು ಅಪರಾಧ ಅಂತ ಹೇಳಿ ಆ ಸೂಚನೆಯ ಮಾತು ಬದಲಾಯಿಸೋಕೆ ಹೇಳಿದ್ರು.

ಹಾಗಂತ ಧೈರ್ಯ ಮಾಡಬೇಡ. ಗೊತ್ತಿದ್ದೂ ಹಕ್ಕು ಮುರಿದ್ರೆ 1957ರ ಕಾಪಿರೈಟ್ ಕಾಯ್ದೆಯ 63ನೇ ಕಲಮಲ್ಲಿ ಆರು ತಿಂಗಳಿಂದ ಮೂರು ವರ್ಷ ಸಜೆ, 50 ಸಾವಿರದಿಂದ 2 ಲಕ್ಷ ದಂಡ, ಇದು ವಾರಂಟ್ ಇಲ್ಲದೆ ಹಿಡೀಬಹುದಾದ ಅಪರಾಧ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಥಿಯೇಟರಲ್ಲಿ ಮೊಬೈಲ್ ಹಿಡಿದು ಸಿನಿಮಾ ರೆಕಾರ್ಡ್ ಮಾಡೋದಕ್ಕೆ 2023ರ ತಿದ್ದುಪಡಿ ಬಂದಿದೆ, ಕಮ್ಮಿ ಅಂದ್ರೆ ಮೂರು ತಿಂಗಳು ಜೈಲು 3 ಲಕ್ಷ ದಂಡ, ದಂಡ ಸಿನಿಮಾ ಖರ್ಚಿನ ಶೇಕಡ 5ರ ತನಕ ಹೋಗಬಹುದು. ನಮ್ಮ ರಾಜ್ಯದ ಗೂಂಡಾ ಕಾಯ್ದೆಯಲ್ಲೂ ಪೈರಸಿ ಮಾಡೋರು ಸೇರಿದ್ದಾರೆ, 2014ರ ತಿದ್ದುಪಡಿಯಲ್ಲಿ ಡಿಜಿಟಲ್ ಅಪರಾಧಿ ಅಂತನೂ ಸೇರಿಸಿದ್ರು. ವಿಚಾರಣೆ ಇಲ್ಲದೆ ಒಂದು ವರ್ಷದ ತನಕ ಒಳಗೆ ಇಡಬಹುದಾದ ಕಾಯ್ದೆ ಅದು, ಫೈಲ್ ಹಂಚಿದ್ದಕ್ಕೆ ಅದನ್ನ ತರಬಾರದಿತ್ತು ಅನ್ನೋದು ನನ್ನ ಅಭಿಪ್ರಾಯ, ಕದ್ದ ಸಿನಿಮಾ ಮಾರೋನಿಗೂ ಕೋರ್ಟಲ್ಲಿ ನಿಂತು ಮಾತಾಡೋ ಹಕ್ಕಿದೆ.

ಬ್ಲಾಕ್ ಮಾಡೋದರಲ್ಲೂ ಕೈ ಮೀರುತ್ತೆ. 2012ರಲ್ಲಿ ಮದ್ರಾಸ್ ಹೈಕೋರ್ಟಿನ ಒಂದು ಆದೇಶ ಹಿಡ್ಕೊಂಡು ಇಂಟರ್ನೆಟ್ ಕಂಪನಿಗಳು ವಿಡಿಯೋ ಹಾಕೋ ವಿಮಿಯೋ, ಬರಹ ಹಂಚೋ ಪೇಸ್ಟ್‌ಬಿನ್ ತರದ ಸೈಟ್‌ಗಳನ್ನೇ ಪೂರ್ತಿ ಮುಚ್ಚಿದ್ವು, ಜೂನಲ್ಲಿ ಕೋರ್ಟೇ ಇಂಥಾ ಲಿಂಕು ಅಂತ ತೋರಿಸಿದ್ದನ್ನ ಮಾತ್ರ ಮುಚ್ಚಿ ಅಂತ ಸ್ಪಷ್ಟ ಮಾಡಬೇಕಾಯ್ತು.

ಬೆಂಗಳೂರಿಂದ: ವಿಪಿಎನ್ ಹಾಕಿದ್ರೆ ಯಾವ ತೊಂದರೆನೂ ಇಲ್ಲ ಅಲ್ವಾ?

ವಿಪಿಎನ್ ಅಂದ್ರೆ ನಿಮ್ಮ ಇಂಟರ್ನೆಟ್ ಓಡಾಟನ ಇನ್ನೊಂದು ಕಂಪನಿಯ ಸರ್ವರ್ ಮೂಲಕ ಹಾಯಿಸೋದು. ಅದನ್ನ ಹಾಕಿದ್ರೆ ನಿಮ್ಮ ವಿಷಯ ಗೊತ್ತಿರೋರು ಬದಲಾಗ್ತಾರೆ ಅಷ್ಟೇ, ಇಂಟರ್ನೆಟ್ ಕಂಪನಿ ಬದಲು ವಿಪಿಎನ್ ಕಂಪನಿ. ತಪ್ಪು ತಪ್ಪೇ ಆಗಿರುತ್ತೆ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ಆದೇಶದಲ್ಲಿ ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ ಎಲ್ಲ ಐದು ವರ್ಷ ಇಟ್ಕೋಬೇಕು ಅಂತ ಬಂದಾಗ ಎಕ್ಸ್‌ಪ್ರೆಸ್ ವಿಪಿಎನ್, ನಾರ್ಡ್, ಸರ್ಫ್‌ಶಾರ್ಕ್ ಇವೆಲ್ಲ ಇಲ್ಲಿದ್ದ ಸರ್ವರ್ ಕಿತ್ಕೊಂಡು ಹೋದ್ವು. ಪತ್ರಕರ್ತರಿಗೆ, ಆಫೀಸ್ ಕೆಲಸಕ್ಕೆ, ಬಸ್‌ಸ್ಟ್ಯಾಂಡ್ ವೈಫೈಯಲ್ಲಿ ಬ್ಯಾಂಕ್ ನೋಡೋರಿಗೆ ವಿಪಿಎನ್ ಒಳ್ಳೇದು, ಖಂಡಿತ ಬಳಸಿ. ಬಿಟ್ಟಿ ವಿಪಿಎನ್ ಬೇಡ.

ಮಂಗಳೂರಿಂದ: ನಾನು ಮದುವೆ ಫೋಟೋಗ್ರಾಫರ್. ಫೋಟೋ ವಿಡಿಯೋ ಎಲ್ಲ ಒಂದು ವಿದೇಶಿ ಫೈಲ್ ಶೇರಿಂಗ್ ಸೈಟಲ್ಲಿ ಹಾಕಿ ಲಿಂಕ್ ಕಳಿಸ್ತೇನೆ, ಹಾರ್ಡ್‌ಡಿಸ್ಕಿಂದ ತೆಗೆದುಬಿಡ್ತೇನೆ. ಆ ಸೈಟಲ್ಲಿ ಕದ್ದ ಸಿನಿಮಾಗಳೂ ತುಂಬ ಇವೆ. ನನಗೇನಾದ್ರೂ ಆಗ್ತದಾ?

ಹಾರ್ಡ್‌ಡಿಸ್ಕಿಂದ ತೆಗೀಬೇಡಿ, ದಯವಿಟ್ಟು. ಮೆಗಾಅಪ್‌ಲೋಡ್ ಅಂತ ಒಂದು ಸೈಟಿತ್ತು, ಕಂಪನಿ ಹಾಂಗ್‌ಕಾಂಗಿನದು, ನಡೆಸೋ ಕಿಮ್ ಡಾಟ್‌ಕಾಮ್ ಜರ್ಮನಿಯಲ್ಲಿ ಹುಟ್ಟಿ ನ್ಯೂಜಿಲೆಂಡಲ್ಲಿ ಇದ್ದವರು, ಸರ್ವರ್ ಸಾವಿರಕ್ಕೂ ಹೆಚ್ಚು ಅಮೆರಿಕಾದಲ್ಲಿ, ಇನ್ನಷ್ಟು ನೆದರ್ಲೆಂಡ್ಸಲ್ಲಿ. 2012ರ ಜನವರಿಯಲ್ಲಿ ಅಮೆರಿಕಾ ಕೇಸ್ ಹಾಕಿ ಒಂದೇ ದಿನದಲ್ಲಿ ಸೈಟ್ ಮುಚ್ಚಿಸ್ತು, ನ್ಯೂಜಿಲೆಂಡ್ ಪೊಲೀಸ್ರು ಹೆಲಿಕಾಪ್ಟರಲ್ಲಿ ಇಳಿದು ಅವರನ್ನ ಹಿಡಿದ್ರು. ಕದ್ದ ಸಿನಿಮಾ ಜೊತೆ ನಿಮ್ಮಂಥವರ ಸ್ವಂತ ಫೈಲೂ ಒಳಗೇ ಉಳೀತು. ಒಹಾಯೋದಲ್ಲಿ ಹೈಸ್ಕೂಲ್ ಆಟಗಳ ವಿಡಿಯೋ ತೆಗೆದು ಹೊಟ್ಟೆ ಹೊರೀತಿದ್ದ ಒಬ್ಬರ ಹಾರ್ಡ್‌ಡಿಸ್ಕು ಆಗಷ್ಟೇ ಕೆಟ್ಟಿತ್ತು, ಬ್ಯಾಕಪ್ ಇದ್ದದ್ದು ಆ ಸೈಟಲ್ಲಿ ಮಾತ್ರ. ನನ್ನ ಫೈಲ್ ನನಗೆ ಕೊಡಿ ಅಂತ ಕೋರ್ಟ್ ಅಲೆದ್ರು, ತಪ್ಪೇನೂ ಮಾಡದ ಮನುಷ್ಯ. 2013ರಲ್ಲಿ ನೆದರ್ಲೆಂಡ್ಸಲ್ಲಿದ್ದ 630 ಸರ್ವರ್‌ಗಳನ್ನ ಬಾಡಿಗೆಗೆ ಕೊಟ್ಟಿದ್ದ ಕಂಪನಿ ಅಳಿಸಿಯೇ ಬಿಡ್ತು. ಮನೆ ಮಾಲೀಕನ ಮೇಲೆ ಕೇಸಾದ್ರೆ ಬಾಡಿಗೆದಾರನ ಪಾತ್ರೆಪಗಡಿನೂ ಬೀದಿಗೆ ಬೀಳೋ ಈ ಪದ್ಧತಿಗೆ ಇನ್ನೂ ಯಾವ ದೇಶದಲ್ಲೂ ಸರಿಯಾದ ಉತ್ತರ ಬಂದಿಲ್ಲ. ನಿಮ್ಮ ಮೇಲೆ ಕೇಸೇನೂ ಆಗಲ್ಲ, ಆದ್ರೆ ಯಾರದೋ ಧಾರೆಯ ವಿಡಿಯೋ ಹೋದ್ರೆ ಮತ್ತೆ ತೆಗೆಯೋಕಾಗುತ್ತಾ? ಎರಡು ಹಾರ್ಡ್‌ಡಿಸ್ಕ್, ಎರಡು ಬೇರೆ ಜಾಗದಲ್ಲಿ ಇಡಿ.

ಸಾಗರದಿಂದ: ನಿವೃತ್ತ ಕನ್ನಡ ಮೇಷ್ಟ್ರು ನಾನು. ಅಜ್ಜನ ಕಾಲದ ನಾಲ್ಕು ಕಪಾಟು ಪುಸ್ತಕ ಇವೆ, ಗೆದ್ದಲು ಹಿಡೀತಾ ಇದೆ. ಮಗಳು ಅಮೆರಿಕಾದಲ್ಲಿದ್ದಾಳೆ, ಸ್ಕ್ಯಾನ್ ಮಾಡಿ ಕಳಿಸಿ, ಆರ್ಕೈವ್ ಸೈಟಿಗೆ ಹಾಕ್ತೀನಿ ಅಂತಾಳೆ. ಯಾವುದು ಹಾಕಬಹುದು, ಯಾವುದು ಬಾರದು?

ಮೇಷ್ಟ್ರೇ, ಈ ಪತ್ರ ಓದಿ ಮನಸ್ಸು ತುಂಬಿಬಂತು, ಬೇಗ ಶುರು ಮಾಡಿ, ಗೆದ್ದಲು ಕಾನೂನು ನೋಡಿ ಕಾಯಲ್ಲ.

ನಮ್ಮ ದೇಶದ ಲೆಕ್ಕ ಸುಲಭ. ಲೇಖಕರು ತೀರಿಕೊಂಡ ವರ್ಷ ಬಿಟ್ಟು ಮುಂದಿನ ಜನವರಿಯಿಂದ 60 ವರ್ಷ ಕಾಪಿರೈಟ್ ಹಕ್ಕು ಇರುತ್ತೆ. ಗಳಗನಾಥರು ತೀರಿಕೊಂಡಿದ್ದು 1942ರಲ್ಲಿ, ಅವರು ಬದುಕಿದ್ದಾಗ ಅಚ್ಚಾದದ್ದು 2003ರಿಂದ ಎಲ್ಲರ ಸ್ವತ್ತು. ಕೈಲಾಸಂ, ಬಿಎಂಶ್ರೀ ಇಬ್ಬರೂ 1946, ಹಾಗಾಗಿ 2007ರಿಂದ. ಡಿವಿಜಿಯವರದ್ದು 2036ರ ಜನವರಿ ತನಕ ಕಾಯಬೇಕು, ಕುವೆಂಪು ಅವರದ್ದು 2055ರ ತನಕ. ಅನುವಾದ ಆದ್ರೆ ಅನುವಾದಕರ ಲೆಕ್ಕ ಬೇರೆ, ಮುನ್ನುಡಿ ಬರೆದವರು ಇತ್ತೀಚಿನವರಾದ್ರೆ ಆ ಪುಟ ಬಿಡಿ.

ತೊಡಕಿರೋದು ಮಗಳು ಅಮೆರಿಕಾದಲ್ಲಿ ಕೂತು ಹಾಕೋದರಲ್ಲಿ. ಅಲ್ಲಿ ಹಳೇ ಪುಸ್ತಕಕ್ಕೆ ಲೇಖಕರ ಆಯುಸ್ಸು ಲೆಕ್ಕಕ್ಕಿಲ್ಲ, ಅಚ್ಚಾದ ವರ್ಷದಿಂದ 95 ವರ್ಷ. 1996ರ ಜನವರಿಯಲ್ಲಿ ನಮ್ಮಲ್ಲಿ ಹಕ್ಕು ಜೀವಂತ ಇದ್ದ ಪುಸ್ತಕಗಳಿಗೆಲ್ಲ ಅವರು ತಮ್ಮಲ್ಲೂ ಹಕ್ಕು ಕೊಟ್ಟಿದ್ದಾರೆ. ಅಂದ್ರೆ 1942ರಲ್ಲಿ ತೀರಿಕೊಂಡವರ 1935ರ ಪುಸ್ತಕ ಸಾಗರದಲ್ಲಿ 2003ರಿಂದಲೇ ಮುಕ್ತ, ಮಗಳ ಊರಲ್ಲಿ 2031 ಬರೋ ತನಕ ಮುಕ್ತ ಅಲ್ಲ. ಒಂದೇ ಪುಸ್ತಕ, ಒಂದೇ ಮನೆಯವರು! ಯುರೋಪಲ್ಲಿ ಅವಧಿ 70 ವರ್ಷ ಇದ್ರೂ ಭಾರತದಲ್ಲಿ ಮುಗಿದದ್ದನ್ನ ಅವರೂ ಮುಗಿದದ್ದು ಅಂತಲೇ ತಗೊಳ್ತಾರೆ.

ಇದರಿಂದ ಜಗಳ ಆಗಿರೋದೂ ಉಂಟು. ಹಳೇ ಪುಸ್ತಕಗಳನ್ನ ಇಂಟರ್ನೆಟ್ಟಲ್ಲಿ ಬಿಟ್ಟಿ ಓದೋಕೆ ಇಡೋ ಅಮೆರಿಕಾದ ಪ್ರಾಜೆಕ್ಟ್ ಗುಟನ್‌ಬರ್ಗ್‌ನವರು ತಮ್ಮ ದೇಶದಲ್ಲಿ ಅವಧಿ ಮುಗಿದ ಜರ್ಮನ್ ಪುಸ್ತಕ ಹಾಕಿದ್ರು, ಥಾಮಸ್ ಮನ್ ಸೇರಿ ಮೂವರು ಲೇಖಕರ 18 ಪುಸ್ತಕ. ಜರ್ಮನಿಯಲ್ಲಿ ಅವು ಆಗ ಇನ್ನೂ ಹಕ್ಕಿನವಾಗಿದ್ವು. ಅಲ್ಲಿನ ಪ್ರಕಾಶಕರು ಫ್ರಾಂಕ್‌ಫರ್ಟಲ್ಲಿ ಕೇಸ್ ಹಾಕಿ 2018ರಲ್ಲಿ ಗೆದ್ರು. ಗುಟನ್‌ಬರ್ಗ್‌ನವರು ಬೇಜಾರಾಗಿ ಇಡೀ ಜರ್ಮನಿಗೇ ಸೈಟ್ ಮುಚ್ಚಿದ್ರು, 18 ಪುಸ್ತಕದ ಜಗಳಕ್ಕೆ ಉಳಿದ ಹತ್ತಾರು ಸಾವಿರ ಪುಸ್ತಕ ಜರ್ಮನಿಯವರಿಗೆ ಸಿಗದೆ ಹೋದ್ವು, 2021ರಲ್ಲಿ ರಾಜಿ ಆದ ಮೇಲೆ ತೆರೀತು.

ನಾನು ನಿಮ್ಮ ಜಾಗದಲ್ಲಿದ್ರೆ ಎರಡು ರಾಶಿ ಮಾಡ್ತಿದ್ದೆ. ಲೇಖಕರು ತೀರಿಕೊಂಡು 60 ವರ್ಷ ದಾಟಿದ್ದು, ಅಚ್ಚಾಗಿ 95 ವರ್ಷನೂ ದಾಟಿದ್ದು ಒಂದು ರಾಶಿ, ಅದು ಎಲ್ಲಿಂದ ಬೇಕಾದ್ರೂ ಹಾಕಿ. 60 ದಾಟಿ 95 ದಾಟದೇ ಇರೋದು ಇನ್ನೊಂದು, ಅದನ್ನ ಮಗಳ ಅಕೌಂಟಿಂದ ಬೇಡ, ಇಲ್ಲೇ ಭಾರತದಲ್ಲಿ ಸರ್ವರ್ ಇರೋ ಯಾವುದಾದ್ರೂ ಗ್ರಂಥಾಲಯದವರಿಗೆ, ಯೂನಿವರ್ಸಿಟಿಯವರಿಗೆ ಕೊಡಿ. ಉಳಿದದ್ದು ಸ್ಕ್ಯಾನ್ ಮಾಡಿ ಹಾಗೇ ಇಟ್ಕೊಳ್ಳಿ, ಲೇಖಕರ ಮನೆಯವರು ಸಿಕ್ಕಿದ್ರೆ ಒಂದು ಕಾಗದ ಬರೆದು ಒಪ್ಪಿಗೆ ಕೇಳಿ. ಮತ್ತೆ ಸ್ಕ್ಯಾನ್ ಮಾಡುವಾಗ ಶೀರ್ಷಿಕೆ ಪುಟದ ಹಿಂಬದಿ ಬಿಡಬೇಡಿ ಮೇಷ್ಟ್ರೇ, ಅಚ್ಚಾದ ಇಸವಿ ಸಾಮಾನ್ಯವಾಗಿ ಅಲ್ಲೇ ಇರೋದು. ಒಳಗಡೆ ಯಾರದಾದ್ರೂ ವಿಳಾಸ, ಖಾಸಗಿ ಪತ್ರ ಸಿಕ್ಕಿಕೊಂಡಿದ್ರೆ ಅದನ್ನ ತೆಗೆದು ಬೇರೆ ಇಡಿ.